ಹನ್ನೆರಡು ಮಗ್ಗಕ್ಕೆ ಒಬ್ಬ ಮೆಕ್ಯಾನಿಕ್ ಸಾಕೇ?

ಪ್ರಶ್ನೆ: ನನ್ನಲ್ಲಿ 6 ವಿದ್ಯುತ್ ಮಗ್ಗಗಳಿದ್ದವು. ಒಂದೊಂದೂ ಸುಮಾರು 10 ತಾಸು ಓಡಿದ ಮೇಲೆ ಕೆಡುತ್ತದೆ, ರಿಪೇರಿಗೆ ಸುಮಾರು 1 ತಾಸು ಹಿಡಿಯುತ್ತದೆ. ಮೆಕ್ಯಾನಿಕ್ ಅರ್ಧ ದಿನ ಸುಮ್ಮನೆ ಕೂರುತ್ತಿದ್ದುದನ್ನು ನೋಡಿ ಇನ್ನೂ 6 ಮಗ್ಗ ಹಾಕಿಸಿದೆ. ಈಗ ಯಾವಾಗ ನೋಡಿದರೂ ಮೂರು ಮಗ್ಗ ನಿಂತಿರುತ್ತವೆ. ಅವನು ಮೈಗಳ್ಳತನ ಮಾಡುತ್ತಿದ್ದಾನೆಯೇ?
– ಮಗ್ಗದ ಮಾಲೀಕರು, ಬೆಟಗೇರಿ

ಉತ್ತರ: ದಯವಿಟ್ಟು ಅವರನ್ನು ಬೈಯಬೇಡಿ. ನೀವು ಕೊಟ್ಟ ಅಂಕಿಗಳನ್ನೇ ಸರದಿ ಸಿದ್ಧಾಂತದ (ಸಾಲಿನಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಅಳೆಯುವ ಗಣಿತದ) ಲೆಕ್ಕಕ್ಕೆ ಹಾಕಿದರೆ, ಒಬ್ಬರೇ ನೋಡಿಕೊಳ್ಳುವ 12 ಮಗ್ಗಗಳಲ್ಲಿ ಸರಾಸರಿ 3.2 ನಿಂತಿರುತ್ತವೆ. ನಿಮ್ಮ ಕಣ್ಣಿಗೆ ಕಂಡದ್ದೂ ಅದೇ.

ಮಗ್ಗಗಳು ಪಾಳಿ ಹಚ್ಚಿ ಕೆಡುವುದಿಲ್ಲ. ಒಂದು ಹೊತ್ತು ಎಲ್ಲವೂ ಓಡುತ್ತಿರುತ್ತವೆ. ಇನ್ನೊಂದು ಹೊತ್ತು ಒಂದರ ಪಿಕರ್ (ಲಾಳಿಗೆ ಹೊಡೆತ ಕೊಡುವ ಭಾಗ) ಮುರಿದು, ಅದನ್ನು ಬಿಚ್ಚುವಷ್ಟರಲ್ಲಿ ಪಕ್ಕದ್ದರ ಬೆಲ್ಟ್ ಹರಿದು, ಮೂರನೆಯದರ ಲಾಳಿ ಹಾರಿ ಹಾಸಿನ ಎಳೆಗಳನ್ನು ಕತ್ತರಿಸಿರುತ್ತದೆ. ಕೆಡುವ ಕಾಲವೂ ರಿಪೇರಿಯ ಕಾಲವೂ ಹೀಗೆ ಗೊತ್ತುಗುರಿಯಿಲ್ಲದೆ ಏರುಪೇರಾಗುತ್ತವೆ ಎಂದು ಹಿಡಿದ ಲೆಕ್ಕವಿದು. 6 ಮಗ್ಗವಿದ್ದಾಗ ಕೆಟ್ಟ ಮಗ್ಗವು ಮೆಕ್ಯಾನಿಕ್‌ಗಾಗಿ ಸರಾಸರಿ 38 ನಿಮಿಷ ಕಾಯುತ್ತಿತ್ತು. ಮಗ್ಗ ಎರಡು ಪಟ್ಟಾದಾಗ ಆ ಕಾಯುವಿಕೆ 2 ತಾಸು 38 ನಿಮಿಷಕ್ಕೆ, ಅಂದರೆ ನಾಲ್ಕು ಪಟ್ಟಿಗೆ ಏರಿದೆ. ಈಗ ಅವರಿಗೆ ಬಿಡುವು ಸಿಗುವುದು ನೂರರಲ್ಲಿ 12 ಪಾಲು ಹೊತ್ತು ಮಾತ್ರ. ನಿಮಗೆ ದಂಡವೆನಿಸಿದ ಅರ್ಧ ದಿನದ ಬಿಡುವೇ ಮೊದಲು ಮಗ್ಗಗಳನ್ನು ಓಡಿಸುತ್ತಿತ್ತು. ಒಬ್ಬರಿಗೆ ಎಷ್ಟು ಯಂತ್ರ ವಹಿಸಬಹುದು ಎಂಬ ಈ ಪ್ರಶ್ನೆ ಹಳೆಯದು. ಸ್ವೀಡನ್ನಿನ ಎಂಜಿನಿಯರ್ ಕಾನಿ ಪಾಮ್ 1947ರಲ್ಲೇ ಇದರ ಗಣಿತ ಬರೆದರು.

ಎರಡನೇ ಮೆಕ್ಯಾನಿಕ್ ಇಟ್ಟರೆ 8.8ರ ಬದಲು 10.7 ಮಗ್ಗ ಓಡುತ್ತವೆ. ಆದರೆ ತಲೆಗೆ ಆರಾರು ಎಂದು ಹಂಚಬೇಡಿ, ಇಬ್ಬರೂ ಹನ್ನೆರಡನ್ನೂ ನೋಡಲಿ. ಹಂಚಿದರೆ ಕಾಯುವಿಕೆ ಮತ್ತೆ 38 ನಿಮಿಷ, ಕೂಡಿ ನೋಡಿದರೆ 15.

ಸಂಬಳದ ಮಾತಿಗೆ ಮುನ್ನ ಇನ್ನೊಂದು ಕೆಲಸ ಮಾಡಿ. ರಿಪೇರಿಯ ಆ ಒಂದು ತಾಸಿನಲ್ಲಿ ಪಾನಾ ಹಿಡಿದ ಹೊತ್ತೆಷ್ಟು, ಬಿಡಿಭಾಗಕ್ಕಾಗಿ ಅಂಗಡಿಗೆ ಓಡಿದ ಹೊತ್ತೆಷ್ಟು ಎಂದು ಒಂದು ವಾರ ಬರೆದಿಡಿ. ಪಿಕರ್, ಬೆಲ್ಟ್, ಲಾಳಿಗಳು ಮಗ್ಗದ ಬಳಿಯೇ ಇದ್ದು ರಿಪೇರಿ ಅರ್ಧ ತಾಸಿಗೆ ಇಳಿದರೆ, ಈಗಿರುವ ಒಬ್ಬರಿಂದಲೇ ಸುಮಾರು 11 ಮಗ್ಗ ಓಡುತ್ತವೆ. ಇಬ್ಬರನ್ನು ಇಟ್ಟದ್ದಕ್ಕಿಂತ ತುಸು ಹೆಚ್ಚೇ! ನಾನಾದರೆ ಇದರಿಂದಲೇ ಶುರು ಮಾಡುತ್ತೇನೆ. ಮೂರು ಮಗ್ಗ ಒಟ್ಟಿಗೆ ನಿಂತಾಗ ಹತ್ತು ನಿಮಿಷದ ಕೆಲಸವನ್ನು ಮೊದಲು ಮುಗಿಸಲು ಹೇಳಿ, ದೊಡ್ಡ ರಿಪೇರಿ ಕೊನೆಗಿರಲಿ.