ರಂಧ್ರ ಸರಿಸಿದರೂ ಸೆಂಟರ್ ಮಾರ್ಕ್ ಹಳೆಯ ಜಾಗದಲ್ಲೇ ಉಳಿಯುವುದೇಕೆ?

ಹೊಸೂರಿನ ಮೆಷಿನ್ ಶಾಪ್‌ಗೆ ಕಳಿಸಬೇಕಾದ ಫ್ಲೇಂಜ್ (ಬೋಲ್ಟ್ ರಂಧ್ರಗಳಿರುವ ಜೋಡಣೆಯ ಬಿಲ್ಲೆ) ಡ್ರಾಯಿಂಗ್ ಅನ್ನು ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮಾಡುವ ಬಗ್ಗೆ ನೀವು ಕೇಳಿದ್ದು ಎರಡು: ರಂಧ್ರದ ನಡುಬಿಂದು ತೋರಿಸುವ ಅಡ್ಡಗುರುತು, ಅಂದರೆ ಸೆಂಟರ್ ಮಾರ್ಕ್, ರಂಧ್ರದ ಜೊತೆ ಚಲಿಸುತ್ತಿಲ್ಲ, ಚಿಕ್ಕ ರಂಧ್ರಗಳಲ್ಲಿ ಸೆಂಟರ್ ಗೆರೆ ತುಂಡಾಗದೆ ಪೂರ್ತಿ ಗೆರೆಯಾಗಿ ಕಾಣುತ್ತಿದೆ.

ಮೊದಲು ಮಾರ್ಕ್ ಮೇಲೆ ಕ್ಲಿಕ್ ಮಾಡಿ. ಒಂದೊಂದೇ ಗೆರೆ ಬಿಡಿಯಾಗಿ ಆಯ್ಕೆಯಾದರೆ ಅದು ಹಳೆಯ ‘ಡಿಮ್‌ಸೆಂಟರ್’ ಕಮಾಂಡಿನದು, ಇಲ್ಲವೇ ಯಾರೋ ಎಕ್ಸ್‌ಪ್ಲೋಡ್ ಮಾಡಿದ್ದಾರೆ (ಬಿಡಿ ಗೆರೆಗಳಾಗಿ ಒಡೆದಿದ್ದಾರೆ). ಅದಕ್ಕೂ ರಂಧ್ರ ತೋರಿಸುವ ವೃತ್ತಕ್ಕೂ ಸಂಬಂಧವೇ ಇಲ್ಲ. ಅಳಿಸಿ, ಆಟೋಕ್ಯಾಡ್ 2017ರಿಂದ ಇರುವ ‘ಸೆಂಟರ್‌ಮಾರ್ಕ್’ ಕಮಾಂಡಿನಲ್ಲಿ ಹೊಸದಾಗಿ ಹಾಕಿ. ಇಡೀ ಮಾರ್ಕ್ ಒಟ್ಟಿಗೆ ಆಯ್ಕೆಯಾಗಿಯೂ ಚಲಿಸದಿದ್ದರೆ ಸಂಬಂಧ ಕಡಿದಿದೆ. ‘ಸೆಂಟರ್‌ರೀಅಸೋಸಿಯೇಟ್’ ಕೊಟ್ಟು ಮಾರ್ಕ್, ಆಮೇಲೆ ವೃತ್ತ ಆರಿಸಿ.

ಗೆರೆಯ ದೋಷ ಲೈನ್‌ಟೈಪ್ ಸ್ಕೇಲಿನದು, ಅಂದರೆ ಗೆರೆಯ ಡ್ಯಾಶ್, ಚುಕ್ಕಿ, ಖಾಲಿ ಜಾಗಗಳು ಎಷ್ಟು ಉದ್ದ ಎಂಬ ಅಳತೆಯದು. 6 ಮಿ.ಮೀ. ರಂಧ್ರದ ಗೆರೆ ಒಂದು ಪೂರ್ತಿ ಡ್ಯಾಶ್–ಚುಕ್ಕಿ ಸರಣಿಗಿಂತ ಗಿಡ್ಡವಾದರೆ ಸಾಫ್ಟ್‌ವೇರ್ ಅದನ್ನು ಅಖಂಡವಾಗಿಯೇ ಎಳೆಯುತ್ತದೆ. ‘ಎಲ್‌ಟಿಸ್ಕೇಲ್’ ಮುಟ್ಟಬೇಡಿ, ಅದು ಇಡೀ ಡ್ರಾಯಿಂಗಿಗೆ ಅನ್ವಯಿಸುವ ಸ್ಕೇಲ್, ಹಿಡನ್ ಗೆರೆಗಳೂ (ಮರೆಯಲ್ಲಿರುವ ಅಂಚು ತೋರಿಸುವ ಗೆರೆಗಳು) ಕೆಡುತ್ತವೆ. ಮಾರ್ಕ್‌ಗಳನ್ನಷ್ಟೇ ಆರಿಸಿ, ಕಂಟ್ರೋಲ್ 1 ಒತ್ತಿ, ಪ್ರಾಪರ್ಟೀಸ್‌ನಲ್ಲಿ ಲೈನ್‌ಟೈಪ್ ಸ್ಕೇಲನ್ನು ಅರ್ಧಕ್ಕಿಳಿಸಿ. ಸಾಲದಿದ್ದರೆ ಇನ್ನೂ ಇಳಿಸಿ. ‘ಸೆಂಟರ್‌ಎಲ್‌ಟಿಸ್ಕೇಲ್’ (ಮಾರ್ಕ್‌ಗಳ ಲೈನ್‌ಟೈಪ್ ಸ್ಕೇಲಿನ ಸೆಟ್ಟಿಂಗ್) ಬದಲಿಸಿದರೆ ಮುಂದೆ ಹಾಕುವ ಮಾರ್ಕ್‌ಗಳಿಗೆ ಮಾತ್ರ ಅನ್ವಯ. ಹಾಕಿಯಾಗಿರುವುದು ಬದಲಾಗಲಿಲ್ಲವೆಂದು ಹಲವರು ಗಾಬರಿಯಾಗುವುದು ಇಲ್ಲೇ.

‘ಸೆಂಟರ್‌ಕ್ರಾಸ್‌ಸೈಜ್’ (ಮಾರ್ಕ್‌ನ ನಡುವಿನ ಅಡ್ಡಗುರುತಿನ ಗಾತ್ರದ ಸೆಟ್ಟಿಂಗ್) ಕೂಡ ನೋಡಿಕೊಳ್ಳಿ. 0.1x ಎಂಬಂತೆ ಅಂಕಿಯ ಕೊನೆಗೆ ‘ಎಕ್ಸ್’ ಅಕ್ಷರ ಇದ್ದರೆ ಅಡ್ಡಗುರುತು ವೃತ್ತದ ಗಾತ್ರಕ್ಕೆ ತಕ್ಕಂತೆ ಬರುತ್ತದೆ. ಅಕ್ಷರ ಬಿಟ್ಟುಹೋದರೆ 6 ಮಿ.ಮೀ.ಗೂ 60 ಮಿ.ಮೀ.ಗೂ ಒಂದೇ ಅಳತೆ.