ಗಾಡಿ ಪ್ರಶ್ನೋತ್ತರ: ಫಿಲ್ಟರ್ ಬದಲಿಸಲು ಕಂಪನಿ ಹೇಳಿದಷ್ಟು ಕಿಲೋಮೀಟರ್ ಕಾಯಬೇಕೇ?

ಪ್ರಶ್ನೆ: ದಿನಾ ಸಂಡೂರಿನಿಂದ ತೋರಣಗಲ್ಲಿಗೆ ಕಾರಿನಲ್ಲಿ ಹೋಗಿ ಬರುತ್ತೇನೆ. ಪೆಟ್ರೋಲ್ ಗಾಡಿ. ಏರ್ ಫಿಲ್ಟರನ್ನು 40,000 ಕಿ.ಮೀ.ಗೆ ಬದಲಿಸಿದರೆ ಸಾಕು ಎಂದು ಕಂಪನಿ ಕೊಟ್ಟ ಪುಸ್ತಕದಲ್ಲಿದೆ. 12,000ಕ್ಕೇ ಬಿಚ್ಚಿ ನೋಡಿದರೆ ಪೂರ್ತಿ ಕೆಂಪಾಗಿದೆ. ಪುಸ್ತಕ ನಂಬಬೇಕೇ, ಕಣ್ಣು ನಂಬಬೇಕೇ?
– ಓದುಗರು, ಸಂಡೂರು

ಉತ್ತರ: ಪುಸ್ತಕವನ್ನೇ ನಂಬಿ. ಆದರೆ ನೀವು ನೋಡಿದ ಪಟ್ಟಿ ನಿಮ್ಮ ಗಾಡಿಯ ಬಳಕೆಗೆ ಬರೆದದ್ದಲ್ಲ. ಹೆಚ್ಚಿನ ಕೈಪಿಡಿಗಳಲ್ಲಿ ಸಾಧಾರಣ ಬಳಕೆಗೆ ಒಂದು ಲೆಕ್ಕ, ಕಠಿಣ ಬಳಕೆಗೆ ಇನ್ನೊಂದು ಲೆಕ್ಕ ಇರುತ್ತದೆ. ಎರಡನೆಯದು ಕೆಲವೊಮ್ಮೆ ಪಟ್ಟಿಯ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯಾಗಿ ಮಾತ್ರ ಸಿಗುತ್ತದೆ, ಹುಡುಕಿ ಓದಿ. ಧೂಳಿನ ರಸ್ತೆಯನ್ನು ಕಠಿಣ ಬಳಕೆಯಲ್ಲೇ ಸೇರಿಸಿರುತ್ತಾರೆ. ಅದಿರು ಲಾರಿಗಳ ಹಿಂದೆ ದಿನಾ ಸಾಗುವ ಕಾರು ಆ ಗುಂಪಿಗೇ ಸೇರಿದ್ದು.

ಹಾಗಂತ ಕೆಂಪು ಕಂಡ ಕೂಡಲೇ ಫಿಲ್ಟರ್ ಎಸೆಯಬೇಡಿ. ಸಂಡೂರು ಭಾಗದ ಅದಿರು ಬಹುಪಾಲು ಹೆಮಟೈಟ್. ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಇದೇ ಕಬ್ಬಿಣದ ಆಕ್ಸೈಡ್. ಸ್ವಲ್ಪವೇ ಹುಡಿ ಬಿದ್ದರೂ ಕಾಗದವೆಲ್ಲ ಕೆಂಪಾಗುತ್ತದೆ. ಆದ್ದರಿಂದ ಬಣ್ಣಕ್ಕಿಂತ ಮಡಿಕೆಗಳ ಸಂದಿ ನೋಡಿ. ಮಡಿಕೆಗಳನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದಾಗ ತಳದವರೆಗೂ ಧೂಳು ಗಟ್ಟಿಯಾಗಿ ಕೂತಿದ್ದರೆ, ಹಿಂದಿನಿಂದ ಟಾರ್ಚ್ ಹಿಡಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತಲಾಗಿಯೇ ಉಳಿದರೆ ಬದಲಿಸಿ. ನಿಮ್ಮ ದಾರಿಗೆ 5,000 ಕಿ.ಮೀ.ಗೊಮ್ಮೆ ಪರೀಕ್ಷೆ, 10,000ದಿಂದ 15,000ದೊಳಗೆ ಬದಲಾವಣೆ ಎಂದು ಇಟ್ಟುಕೊಳ್ಳುವುದು ಸರಿ.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಫಿಲ್ಟರ್ ತೆಗೆದ ಮೇಲೆ ಡಬ್ಬಿಯಲ್ಲಿ ಎಂಜಿನ್ ಕಡೆಗಿರುವ ಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಕೆಂಪು ಹತ್ತಿದರೆ ಧೂಳು ಫಿಲ್ಟರ್ ದಾಟಿ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಅಂಚಿನ ರಬ್ಬರ್ ಮಡಚಿರಬಹುದು, ಕ್ಲಿಪ್ ಮುರಿದಿರಬಹುದು, ಅಳತೆ ಸರಿಯಿಲ್ಲದ ಅಗ್ಗದ ಫಿಲ್ಟರ್ ಹಾಕಿರಬಹುದು, ಕಾಗದವೇ ತೂತಾಗಿರಬಹುದು. ಆಗ ಕಿಲೋಮೀಟರ್ ಲೆಕ್ಕ ನೋಡುತ್ತ ಕೂರಬೇಡಿ, ಅದೇ ದಿನ ಸರಿಪಡಿಸಿ. ಒಳಹೋದ ಧೂಳು ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗುಗಳನ್ನು ತೇಯುತ್ತದೆ. ಮುಂದೆ ಎಂಜಿನ್ ಆಯಿಲ್ ಕುಡಿಯಲು ಶುರುವಾಗುತ್ತದೆ.

ಮೈಲೇಜ್ ಇಳಿದಾಗ ಬದಲಿಸೋಣ ಎಂದು ಕಾಯುವವರೂ ಇದ್ದಾರೆ. ಅದು ಕಾರ್ಬುರೇಟರ್ ಕಾಲದ ಗುರುತು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಜೆಕ್ಷನ್ ವ್ಯವಸ್ಥೆಯ (ಗಾಳಿಗೆ ತಕ್ಕಂತೆ ಕಂಪ್ಯೂಟರೇ ಅಳೆದು ಪೆಟ್ರೋಲ್ ಸಿಂಪಡಿಸುವ) ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಪಿಕಪ್ ಮಾತ್ರ ಕುಂದಿತು.

ಪ್ರಶ್ನೆ: ಶಕ್ತಿನಗರದ ಹತ್ತಿರ ಮನೆ. ಬೂದಿ ಹಾರುತ್ತದೆಂದು ವಾರಕ್ಕೊಮ್ಮೆ ಪಂಚರ್ ಅಂಗಡಿಯಲ್ಲಿ ಏರ್ ಫಿಲ್ಟರ್‌ಗೆ ಗಾಳಿ ಹೊಡೆಸುತ್ತೇನೆ. ಹೀಗೆ ಮಾಡಿದರೆ ಫಿಲ್ಟರ್ ಹೆಚ್ಚು ದಿನ ಬಾಳುತ್ತದಲ್ಲವೇ?
– ಓದುಗರು, ರಾಯಚೂರು ತಾಲ್ಲೂಕು

ಉತ್ತರ: ಇಲ್ಲ, ದಯವಿಟ್ಟು ಇದನ್ನು ನಿಲ್ಲಿಸಿ. ಹೊಸ ಕಾಗದದ ಮೇಲೆ ತೆಳುವಾಗಿ ಧೂಳು ಕೂತ ಮೇಲೆಯೇ ಫಿಲ್ಟರ್ ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುವುದು. ವಾರವಾರ ಅದನ್ನು ಉದುರಿಸಿದರೆ ಆ ಲಾಭ ಕೈತಪ್ಪುತ್ತದೆ. ಪಂಚರ್ ಅಂಗಡಿಯ ಗಾಳಿಯ ಒತ್ತಡವೂ ಕಾಗದಕ್ಕೆ ತೀರಾ ಹೆಚ್ಚು. ಕಣ್ಣಿಗೆ ಕಾಣದ ಬಿರುಕು ಬಿದ್ದರೂ ಸಾಕು, ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಅಲ್ಲಿಂದ ನುಸುಳುತ್ತದೆ. ಅದರಲ್ಲಿ ಸಿಲಿಕಾ, ಅಲ್ಯುಮಿನಾ ಹೆಚ್ಚು, ಕಣಗಳೂ ಬಹಳ ನುಣ್ಣಗೆ. ಪ್ರತಿಸಲ ಡಬ್ಬಿ ತೆರೆದು ಮುಚ್ಚುವಾಗ ರಬ್ಬರ್ ಅಂಚು ಸರಿಯಾಗಿ ಕೂರದಿರುವ ಅಪಾಯವೂ ಇದೆ.

ಸ್ವಚ್ಛ ಮಾಡಲೇಬೇಕಾದರೆ 5,000 ಕಿ.ಮೀ.ಗೊಮ್ಮೆ ಸಾಕು. ಎಂಜಿನ್ ಆಫ್ ಮಾಡಿ, ಡಬ್ಬಿ ತೆರೆಯುವ ಮೊದಲು ಮುಚ್ಚಳದ ಮೇಲಿನ ಧೂಳು ಒರೆಸಿ. ಫಿಲ್ಟರನ್ನು ಧೂಳಿನ ಮುಖ ಕೆಳಗೆ ಮಾಡಿ ಹಲಗೆಯ ಮೇಲೆ ಮೆಲ್ಲಗೆ ತಟ್ಟಿ. ಗಾಳಿ ಹೊಡೆಯುವುದಾದರೆ 30 ಪಿಎಸ್ಐಗಿಂತ ಕಡಿಮೆ ಒತ್ತಡದಲ್ಲಿ, ಒಂದು ಗೇಣು ದೂರದಿಂದ, ಶುದ್ಧ ಮುಖದ ಕಡೆಯಿಂದ ಹೊರಕ್ಕೆ. ಧೂಳಿನ ಮುಖಕ್ಕೆ ಹೊಡೆದರೆ ಧೂಳು ಕಾಗದದೊಳಕ್ಕೆ ಇಳಿಯುತ್ತದೆ. ನೀರು, ಸೋಪು, ಪೆಟ್ರೋಲ್ ಯಾವುದೂ ಬೇಡ. ಕೆಲವು ಕಾರುಗಳ ಕಾಗದಕ್ಕೆ ಕಂಪನಿಯೇ ಎಣ್ಣೆ ಸವರಿರುತ್ತದೆ, ಮುಟ್ಟಿದರೆ ಅಂಟಂಟು. ಅದಕ್ಕೆ ಗಾಳಿ ಹೊಡೆಯುವಂತೆಯೇ ಇಲ್ಲ, ತುಂಬಿದಾಗ ಬದಲಿಸುವುದೊಂದೇ ದಾರಿ. ಒಂದೇ ಫಿಲ್ಟರನ್ನು ಎರಡು ಸಲಕ್ಕಿಂತ ಹೆಚ್ಚು ಸ್ವಚ್ಛಗೊಳಿಸದೆ ಹೊಸದು ಹಾಕಿ.

ಪ್ರಶ್ನೆ: ಡೀಸೆಲ್ ಎಸ್‌ಯುವಿ ಇದೆ. ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ಇಟ್ಟ ಡೀಸೆಲನ್ನೇ ಒಮ್ಮೊಮ್ಮೆ ಅದಕ್ಕೂ ಹಾಕುತ್ತೇವೆ. ಡೀಸೆಲ್ ಫಿಲ್ಟರ್ ಬದಲಿಸಲು ಇನ್ನೂ ಸಮಯವಿದೆ ಎನ್ನುತ್ತದೆ ಪುಸ್ತಕ; ಮೆಕ್ಯಾನಿಕ್ ಈಗಲೇ ಎನ್ನುತ್ತಾನೆ.
– ಓದುಗರು, ಸಿಂಧನೂರು

ಉತ್ತರ: ಮೆಕ್ಯಾನಿಕ್ ಮಾತು ಕೇಳಿ. ಪಂಪಿನಿಂದ ನೇರವಾಗಿ ಒಳ್ಳೆಯ ಡೀಸೆಲ್ ಬೀಳುತ್ತದೆ ಎಂದು ಭಾವಿಸಿಯೇ ಕಂಪನಿ ಲೆಕ್ಕ ಹಾಕಿರುತ್ತದೆ. ಅರ್ಧ ಖಾಲಿ ಡ್ರಮ್ಮಿನ ಒಳಗೋಡೆಯಲ್ಲಿ ರಾತ್ರಿ ತಂಪಿಗೆ ನೀರು ಹನಿಗಟ್ಟಿ ತಳ ಸೇರುತ್ತದೆ, ತುಕ್ಕೂ ಬೀಳುತ್ತದೆ. ಈಗಿನ ಕಾಮನ್‌ರೈಲ್ ಎಂಜಿನ್ನುಗಳಲ್ಲಿ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವಂಥವು) ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ಒತ್ತಡ 1,600ರಿಂದ 2,000 ಬಾರ್ ಮುಟ್ಟುತ್ತದೆ. ಪಂಪಿಗೂ ಇಂಜೆಕ್ಟರಿಗೂ ಜಿಡ್ಡು ಒದಗಿಸುವುದು ಡೀಸೆಲ್ಲೇ. ಅಲ್ಲಿಗೆ ನೀರು ಹೋದರೆ ತುಕ್ಕು, ಸವೆತ. ಒಂದು ಇಂಜೆಕ್ಟರ್ ಹೋದರೂ ಆ ದುಡ್ಡಿನಲ್ಲಿ ಎಷ್ಟೋ ಫಿಲ್ಟರ್ ಬರುತ್ತಿದ್ದವು.

ಡ್ರಮ್ಮಿನ ಡೀಸೆಲ್ ಕಾರಿಗೆ ಹಾಕದಿರುವುದೇ ಮೇಲು. ಅನಿವಾರ್ಯವಾದರೆ ಡ್ರಮ್ ಒಂದು ದಿನ ಅಲುಗಾಡದಂತೆ ಬಿಟ್ಟು, ತಳದ ಮೂರು ನಾಲ್ಕು ಅಂಗುಲ ಬಿಟ್ಟು ಮೇಲಿನದನ್ನು ಮಾತ್ರ ತೆಗೆಯಿರಿ. ಜಾಲರಿಯ ಆಲಿಕೆ ಕಸ ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಸೂಚನಾ ದೀಪ ಹತ್ತಿದರೆ ಗಾಡಿ ಓಡಿಸುತ್ತ ಹೋಗಬೇಡಿ. ಎಂಜಿನ್ ಆಫ್ ಮಾಡಿ, ಫಿಲ್ಟರ್ ತಳದ ತಿರುಪು ಸಡಿಲಿಸಿ, ಕೆಳಗೆ ಹಿಡಿದ ಬಾಟಲಿಗೆ ಬರೀ ಡೀಸೆಲ್ ಬೀಳುವವರೆಗೆ ಇಳಿಸಿ ಮತ್ತೆ ಬಿಗಿ ಮಾಡಿ.

ಹೊಸ ಫಿಲ್ಟರ್ ಹಾಕುವಾಗ ರಬ್ಬರ್ ರಿಂಗ್ ಕೂಡ ಹೊಸದೇ ಇರಲಿ. ಕ್ಯಾನಿನ ಡೀಸೆಲನ್ನು ಫಿಲ್ಟರಿನೊಳಗೆ ಸುರಿದು ತುಂಬಿಸಬೇಡಿ, ಸೋಸದ ಡೀಸೆಲ್ ನೇರ ಇಂಜೆಕ್ಟರಿಗೆ ಹೋಗುತ್ತದೆ. ಕೈಪಂಪಿದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನಲ್ಲಿ ಕರೆಂಟ್ ಪಂಪಿದ್ದರೆ ಸ್ಟಾರ್ಟ್ ಮಾಡದೆ ಕೀಲಿಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ. ಗಾಳಿ ಸಿಕ್ಕಿಕೊಂಡ ಎಂಜಿನ್ನಿಗೆ ಒಂದೇ ಸಮನೆ ಸೆಲ್ಫ್ ಹೊಡೆದರೆ ಪಂಪು, ಸ್ಟಾರ್ಟರ್ ಎರಡಕ್ಕೂ ಪೆಟ್ಟು.

ಪ್ರಶ್ನೆ: ಸುಗ್ಗಿ ಮುಗಿದ ಮೇಲೆ ಎಸಿ ಗಾಳಿಯೇ ಬರುವುದಿಲ್ಲ. ಗ್ಯಾಸ್ ತುಂಬಿಸಬೇಕೇ?
– ಓದುಗರು, ಗಂಗಾವತಿ

ಉತ್ತರ: ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಗಾಳಿ ಜೋರಾಗಿ ಬಂದು ತಂಪಿಲ್ಲದಿದ್ದರೆ ಗ್ಯಾಸ್ ಕಡೆ ಅನುಮಾನಿಸಬಹುದು. ಗಾಳಿಯೇ ಕಡಿಮೆಯಾದರೆ ಹೆಚ್ಚಾಗಿ ಫಿಲ್ಟರ್ ಕಟ್ಟಿರುತ್ತದೆ. ಭತ್ತದ ಹೊಟ್ಟು, ಅಕ್ಕಿ ಗಿರಣಿಯ ತೌಡಿನ ಧೂಳು ಅಲ್ಲೇ ಕೂರುತ್ತವೆ. ಬಹಳಷ್ಟು ಕಾರುಗಳಲ್ಲಿ ಅದು ಗ್ಲವ್ ಬಾಕ್ಸ್ ಹಿಂದೆ ಇದೆ, ಸ್ಪ್ಯಾನರ್ ಇಲ್ಲದೆಯೇ ತೆಗೆಯಬಹುದು. ಹೊಸದು ಹಾಕುವಾಗ ಬಾಣದ ಗುರುತು ಗಾಳಿ ಸಾಗುವ ದಿಕ್ಕಿಗಿರಲಿ. ನಿಮ್ಮೂರಲ್ಲಿ ಪ್ರತಿ ಸುಗ್ಗಿ ಮುಗಿದ ಮೇಲೆ ಬದಲಿಸಿದರೂ ದುಂದಲ್ಲ.

ಪ್ರಶ್ನೆ: ವರ್ಷಕ್ಕೆ 4,000 ಕಿ.ಮೀ. ಓಡಿದರೆ ಹೆಚ್ಚು. ಆಯಿಲ್ ಫಿಲ್ಟರ್ ಎರಡು ಸರ್ವಿಸ್‌ಗೊಮ್ಮೆ ಬದಲಿಸಿದರೆ ಸಾಲದೇ? ಬೇಗ ಬದಲಿಸಿದರೆ ವಾರಂಟಿಗೆ ತೊಂದರೆಯೇ?
– ಓದುಗರು, ಕೊಪ್ಪಳ

ಉತ್ತರ: ಸಾಲದು. ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದಿದ್ದರೆ ಯಾವುದು ಮೊದಲೋ ಅದು. ನಿಮಗೆ ವರ್ಷವೇ ಮೊದಲು. ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರ್ ಕೂಡ ಬದಲಾಗಲಿ. ಅದು ಕಟ್ಟಿಕೊಂಡರೆ ಒಳಗಿನ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ಲೇ ಎಂಜಿನ್ನಿಗೆ ಹರಿಯುತ್ತದೆ, ಹೊರಗೆ ಯಾವ ಸುಳಿವೂ ಕಾಣುವುದಿಲ್ಲ. ಹಳೆಯ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿ ಉಳಿದಿದೆಯೇ ಎಂದು ನೋಡಲು ಹೇಳಿ. ಅದರ ಮೇಲೆ ಹೊಸದನ್ನು ಕೂರಿಸಿದರೆ ಆಯಿಲ್ ಸೋರುತ್ತದೆ. ಬೇಗ ಬದಲಿಸಿದರೆ ವಾರಂಟಿಗೆ ಧಕ್ಕೆಯಿಲ್ಲ, ತಡ ಮಾಡಿದರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗಬಹುದು. ದಿನಾಂಕ, ಕಿಲೋಮೀಟರ್ ನಮೂದಿಸಿದ ಬಿಲ್ ತೆಗೆದಿಡಿ. ಬದಲಿಸಿದ ಹಳೆಯ ಫಿಲ್ಟರನ್ನೂ ಕೇಳಿ ನೋಡಿ.