‘ಒಂದಕ್ಕೆ ಬರುತ್ತಾ?’ ಎಂದು ಕೇಳಬೇಡಿ

ಪ್ರಶ್ನೆ: ಮಗನಿಗೆ 6 ವರ್ಷ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ. ಮನೆಯಲ್ಲಿ ಅಷ್ಟು ತೊಂದರೆಯಿಲ್ಲ. ಶಾಲೆಯಲ್ಲಿ ಮಾತ್ರ ವಾರಕ್ಕೆ ಎರಡು ಮೂರು ಸಲ ಚಡ್ಡಿಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. ಕೆಲವೊಮ್ಮೆ ಮಲದ ಕಲೆಯೂ ಇರುತ್ತದೆ. ‘ಕೇಳಿದ್ರೆ ಬರಲ್ಲ ಅಂತಾನೆ, ಎರಡು ನಿಮಿಷಕ್ಕೆ ಮಾಡ್ಕೊಂಡಿರ್ತಾನೆ. ಬೇಕಂತಲೇ ಮಾಡೋದು’ ಎನ್ನುತ್ತಾರೆ ಟೀಚರ್. ಏನು ಮಾಡಲಿ?

ಉತ್ತರ: ಬೇಕಂತ ಮಾಡುತ್ತಿಲ್ಲ. ‘ಬರಲ್ಲ’ ಎಂದದ್ದೂ ಬಹುಶಃ ಸುಳ್ಳಲ್ಲ. ಮೂತ್ರಕೋಶ ತುಂಬುತ್ತಾ ಬಂದಾಗ ಸಿಗುವ ಮೊದಲ ಸೂಚನೆ ತೀರಾ ಮೆಲುವಾದದ್ದು. ಬಣ್ಣ ಹಚ್ಚುವುದರಲ್ಲಿ ಮುಳುಗಿದ ಈ ಮಗುವಿಗೆ ಅದು ತಟ್ಟುವುದೇ ಇಲ್ಲ. ತಟ್ಟುವಷ್ಟು ಜೋರಾಗುವ ಹೊತ್ತಿಗೆ ಬಾಗಿಲವರೆಗೆ ಓಡಲೂ ಸಮಯವಿರುವುದಿಲ್ಲ. ಮನೆಯಲ್ಲಿ ‘ಹೋಗಿ ಬಾ’ ಎಂದು ನೀವು ಅನ್ನುತ್ತಿರುತ್ತೀರಿ, ಅಷ್ಟೇ ವ್ಯತ್ಯಾಸ.

ಆದರೆ ಮೊದಲು ಆ ಕಲೆಯನ್ನು ನೋಡಬೇಕು. ಗಟ್ಟಿ ಮಲ ಒಳಗೆ ಕಟ್ಟಿಕೊಂಡಾಗ ಅದರ ಪಕ್ಕದಿಂದ ತೆಳು ಮಲ ಮಗುವಿಗೆ ಅರಿವಿಲ್ಲದೆ ಜಾರುತ್ತದೆ. ಭೇದಿ ಎಂದುಕೊಂಡು ಅದನ್ನು ನಿಲ್ಲಿಸುವ ಔಷಧಿ ಕೊಟ್ಟರೆ ಕೆಲಸ ಕೆಟ್ಟಿತು. ದಿನಾ ಎರಡಕ್ಕೆ ಹೋಗುವ ಮಗುವಿಗೂ ಮಲಬದ್ಧತೆ ಇರಬಹುದು. ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತುವುದರಿಂದ, ಮಲದ ತೊಂದರೆ ಸರಿಹೋಗದೆ ಮೂತ್ರದ ತೊಂದರೆ ಸರಿಹೋಗುವುದಿಲ್ಲ. ಮಲ ಮೆತ್ತಗಾಗಿಸಲು ಮಕ್ಕಳ ವೈದ್ಯರು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡಬಹುದು. ಮಲ ಮೆತ್ತಗಾದ ವಾರಕ್ಕೇ ಔಷಧಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಹಿಗ್ಗಿದ ಗುದನಾಳಕ್ಕೆ ಹಳೆಯ ಬಿಗಿ ಮರಳಲು ತಿಂಗಳುಗಳೇ ಬೇಕಾಗುತ್ತವೆ. ಜೊತೆಗೆ, ಊಟ ತಿಂಡಿ ಆದ 20–30 ನಿಮಿಷದೊಳಗೆ 5 ನಿಮಿಷ ಕೂರಿಸಿ. ಕಮೋಡ್ ಆದರೆ ಪಾದದಡಿ ಸ್ಟೂಲ್ ಇಡಿ, ಮಂಡಿ ಸೊಂಟಕ್ಕಿಂತ ಮೇಲಿರಲಿ. ಸೋಪಿನ ಗುಳ್ಳೆ ಊದಲು ಕೊಟ್ಟರೆ ಮಲ ಹೊರತಳ್ಳುವ ಸ್ನಾಯುಗಳು ತಾವಾಗಿ ಕೆಲಸ ಮಾಡುತ್ತವೆ.

ಇನ್ನು ಶಾಲೆ. ‘ಒಂದಕ್ಕೆ ಬರುತ್ತಾ?’ ಎಂಬ ಪ್ರಶ್ನೆಯನ್ನೇ ಬಿಡಲು ಟೀಚರಿಗೆ ಹೇಳಿ. ‘ಹೋಗೋ ಹೊತ್ತಾಯ್ತು’ ಎಂದರೆ ಸಾಕು, ಒಂದೂವರೆ ಎರಡು ಗಂಟೆಗೊಮ್ಮೆ, ಬಂದರೂ ಬರದಿದ್ದರೂ. ಆಟದ ಬಿಡುವು ಶುರುವಾದ ಮೇಲೆ ಕಳಿಸಿದರೆ ಅವನು ನೇರ ಮೈದಾನಕ್ಕೆ. ಬೆಲ್ಲಿಗೆ 5 ನಿಮಿಷ ಮುಂಚೆ ಕಳಿಸಲಿ. ಆಗ ಟಾಯ್ಲೆಟ್ಟಿನಲ್ಲಿ ಗದ್ದಲ, ನೂಕುನುಗ್ಗಲೂ ಇರುವುದಿಲ್ಲ. ತರಗತಿಯೆದುರು ಕೂಗಿ ಹೇಳುವ ಬದಲು ಡೆಸ್ಕಿನ ಮೇಲೊಂದು ಬಣ್ಣದ ಕಾರ್ಡ್ ಇಟ್ಟರೆ ಸಾಕು. ಹೊತ್ತಿಗೆ ಸರಿಯಾಗಿ ಕಂಪಿಸಿ ನೆನಪಿಸುವ ವಾಚು ಒಳ್ಳೆಯದೇ, ಆದರೆ ಅದನ್ನು ಒತ್ತಿ ಆರಿಸಿ ಆಟ ಮುಂದುವರಿಸುವುದರಲ್ಲಿ ಈ ಮಕ್ಕಳು ನಿಸ್ಸೀಮರು. ಮೊದಲ ಕೆಲವು ವಾರ ವಾಚಿನ ಹಿಂದೆ ಒಬ್ಬ ದೊಡ್ಡವರು ಇರಲೇಬೇಕು.

ಹೋದವನು ಅರ್ಧ ಮಾಡಿ ಓಡಿಬರುತ್ತಾನೆ. ಮುಗಿದ ಮೇಲೆ ಇಪ್ಪತ್ತರವರೆಗೆ ನಿಧಾನ ಎಣಿಸಿ ಮತ್ತೊಮ್ಮೆ ಪ್ರಯತ್ನಿಸುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಬಟನ್, ಜಿಪ್ ಬೇಡ, ಎಲಾಸ್ಟಿಕ್ ಸೊಂಟದ ಚಡ್ಡಿ ಹಾಕಿ. ನೀರು ಕಡಿಮೆ ಮಾಡಲು ಹೋಗಬೇಡಿ: ನೀರು ಕಡಿಮೆಯಾಗಿ ಗಾಢವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲವೂ ಒಣಗುತ್ತದೆ. 6 ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 210 ಮಿ.ಲೀ.; ಒಂದೇ ಸಲ ಬಾಟಲಿ ಖಾಲಿ ಮಾಡದೆ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಲಿ.

ಸ್ಟಿಕ್ಕರ್ ಕೊಡುವುದಾದರೆ ಒದ್ದೆಯಾಗದ ಚಡ್ಡಿಗಲ್ಲ, ಹೇಳಿದಾಗ ಹೋಗಿಬಂದದ್ದಕ್ಕೆ, ಅಲ್ಲೇ ಆಗಲೇ ಕೊಡಿ. ಶನಿವಾರ ಸಿಗುವ ಬಹುಮಾನ ಸೋಮವಾರ ಈ ಮಗುವಿಗೆ ಲೆಕ್ಕಕ್ಕಿಲ್ಲ. ಎರಡು ಜೊತೆ ಬಟ್ಟೆ, ಒದ್ದೆ ಬಟ್ಟೆಗೆ ಒಂದು ಚೀಲ ಶಾಲೆಯಲ್ಲೇ ಇರಲಿ, ಬದಲಾಯಿಸುವಾಗ ಮಾತು ಬೇಡ.

ಎಡಿಎಚ್‌ಡಿ ಮಾತ್ರೆ ನಡೆಯುತ್ತಿದ್ದರೆ ವೈದ್ಯರಿಗೆ ಇದನ್ನೂ ತಿಳಿಸಿ. ಅದರಲ್ಲಿ ಆಟೊಮಾಕ್ಸೆಟಿನ್ ಎಂಬ ಮಾತ್ರೆಯಿಂದ ಮಲಬದ್ಧತೆಯಾಗಬಹುದು; ಹಸಿವು ತಗ್ಗಿಸುವ ಎಡಿಎಚ್‌ಡಿ ಮಾತ್ರೆಗಳಿಂದ ತಿನ್ನುವುದು ಕಡಿಮೆಯಾಗಿಯೂ ಆಗಬಹುದು. ನೀವಾಗಿ ನಿಲ್ಲಿಸಬೇಡಿ. ಉರಿಮೂತ್ರ, ಜ್ವರ, ವಿಪರೀತ ಬಾಯಾರಿಕೆ, ಸದಾ ತೊಟ್ಟಿಕ್ಕುವ ಮೂತ್ರ, ಕಾಲಿನ ಬಲ ಅಥವಾ ನಡಿಗೆಯಲ್ಲಿ ಬದಲಾವಣೆ ಕಂಡರೆ ತಡಮಾಡದೆ ತೋರಿಸಿ.